ಮೈಸೂರು ರಸ್ತೆಯ ಯಹೂದಿ ಖಬರಸ್ಥಾನ ಮತ್ತು ನಮ್ಮ ಕರಾವಳಿ

ನಮ್ಮ ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಅದಾಗಿ ಮೂರು ವರ್ಷಕ್ಕೆ, 1904ರಲ್ಲಿ, ಬೆಂಗಳೂರಿನ ಮೈಸೂರು ರಸ್ತೆಯ ಬದಿಯಲ್ಲಿ ಒಂದು ಚಿಕ್ಕ ಖಬರಸ್ಥಾನ ಆರಂಭವಾಯಿತು. ಅಲ್ಲಿ ಮೊದಲು ಮಣ್ಣಾದವರು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್ಕರ್ ಎಂಬ ಸೈನಿಕ. ಆ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅವರ ಜನಕ್ಕೆ ಆ ಊರಿನಲ್ಲಿ ತಮ್ಮದೆನ್ನುವ ಮಣ್ಣು ಸಿಕ್ಕಿತ್ತು. ಅದನ್ನು ಕೊಟ್ಟವರು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಆಗ ಅವರಿಗೆ 20 ವರ್ಷ. ಪೂರ್ಣ ಅಧಿಕಾರ ವಹಿಸಿಕೊಂಡು ಎರಡು ವರ್ಷವಾಗಿತ್ತಷ್ಟೆ. ರಾಜ್ಯದ ಲೆಕ್ಕದಲ್ಲಿ ಬೆರಳೆಣಿಕೆಯಷ್ಟಿದ್ದ ಒಂದು ಸಮುದಾಯಕ್ಕೆ, ಯಹೂದಿಗಳಿಗೆ, ತಮ್ಮವರನ್ನು ದಫನ ಮಾಡಲು ಜಾಗ ಬೇಕೆಂದಾಗ ಅವರು ಕೊಟ್ಟರು.

ಕರ್ನಾಟಕದ ಈ ಯಹೂದಿ ಖಬರಸ್ಥಾನದಲ್ಲಿ ಐವತ್ತರ ಮೇಲೆ ಖಬರುಗಳಿವೆ. ಅಷ್ಟೇ. ನಮ್ಮಲ್ಲಿ ಒಂದು ಸಾಧಾರಣ ಜಮಾಅತಿನ ದಫನಭೂಮಿಯಲ್ಲಿ ಕೆಲವೇ ವರ್ಷಗಳಲ್ಲಿ ಇದಕ್ಕಿಂತ ಹೆಚ್ಚು ಮಯ್ಯಿತ್‌ಗಳನ್ನು ಮಣ್ಣು ಮಾಡಿರುತ್ತೇವೆ. ಅಲ್ಲಿ ನೂರಕ್ಕೂ ಹೆಚ್ಚು ವರ್ಷದ ಲೆಕ್ಕ ಐವತ್ತು ಚಿಲ್ಲರೆ ಕಲ್ಲುಗಳಲ್ಲಿ ಮುಗಿಯುತ್ತದೆ.

ಜುಮಾ ಖುತ್ಬಾದ ಸಾರಾಂಶ ಬರುವ ಈ ಪತ್ರಿಕೆಯಲ್ಲಿ ಯಹೂದಿಗಳ ಖಬರಸ್ಥಾನದ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳಲೇಬೇಕು ಕೂಡ. ಗಾಝಾದ ಸುದ್ದಿಯನ್ನು ದಿನವೂ ಮೊಬೈಲಿನಲ್ಲಿ ನೋಡುತ್ತಿರುವ ನಮ್ಮ ಯುವಕರ ಬಾಯಲ್ಲಿ ಯಹೂದಿ ಎಂಬ ಶಬ್ದ ಈಗ ಒಂದು ಬೈಗುಳವಾಗಿದೆ. ನೋವು ನಿಜ, ಸಿಟ್ಟೂ ನಿಜ. ಆದರೆ ಆ ಶಬ್ದದ ಹಿಂದೆ ನಮ್ಮ ಕರಾವಳಿಗೇ ಸೇರಿದ ಸುಮಾರು ಒಂಬೈನೂರು ವರ್ಷದ ಕಥೆಯಿದೆ. ಮಂಗಳೂರು, ಬಾರ್ಕೂರು, ಕೊಂಕಣ, ಬೆಂಗಳೂರು ಎಂದು ಅದು ಹರಡಿಕೊಂಡಿದೆ. ಮದ್ರಸದಲ್ಲೂ ಕಾಲೇಜಿನಲ್ಲೂ ನಮಗೆ ಅದನ್ನು ಯಾರೂ ಹೇಳಿಕೊಡಲಿಲ್ಲ. ಅದಕ್ಕಾಗಿ ಈ ಬರಹ.

ಮಂಗಳೂರಿನಿಂದಲೇ ಶುರು ಮಾಡೋಣ. ಹನ್ನೆರಡನೇ ಶತಮಾನದಲ್ಲಿ, ತುಳುನಾಡನ್ನು ಅಳುಪರು ಆಳುತ್ತಿದ್ದ ಕಾಲದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ. ಅವನ ಹುಟ್ಟೂರು ಇಂದಿನ ಟುನೀಶಿಯಾದ ಮಹ್ದಿಯ್ಯ. ಏಡನ್ ಬಂದರಿನಿಂದ ಹಡಗು ಹತ್ತಿ ಇಲ್ಲಿಗೆ ಬಂದವನು 1132ರ ಹೊತ್ತಿಗೆ ಇಲ್ಲಿದ್ದ, 1149ರವರೆಗೂ ಇದೇ ಕರಾವಳಿಯಲ್ಲಿ ಉಳಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಅತ್ತ ಕಳುಹಿಸುತ್ತಿದ್ದ. ಅತ್ತಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಳ್ಳುತ್ತಿದ್ದ. ಕಂಚಿನ ಪಾತ್ರೆ ಮಾಡುವ ಒಂದು ಕಾರ್ಖಾನೆಯೂ ಅವನಿಗಿತ್ತು. ಏಡನ್‌ನಿಂದ ಒಡೆದ ಹಳೆಯ ಪಾತ್ರೆಗಳನ್ನು ಇಲ್ಲಿಗೆ ಕಳುಹಿಸಿ, ಕರಗಿಸಿ ಹೊಸದು ಮಾಡಿಕೊಡು ಎಂದು ಅಳತೆ ಸಮೇತ ಬರೆಯುತ್ತಿದ್ದರು. ಅವನ ವ್ಯಾಪಾರದ ಕೆಲಸಕ್ಕೆ ಬೊಮ್ಮ ಎಂಬ ಊರಿನ ಆಳು ಏಡನ್‌ವರೆಗೂ ಹೋಗಿಬರುತ್ತಿದ್ದ. ಬೊಮ್ಮ ಎಂಬ ಹೆಸರನ್ನು ನೋಡಿ, ನಮ್ಮ ನೆಲದ್ದೇ ಹೆಸರು. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಅಶು ಎಂಬ ಸ್ಥಳೀಯ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಇಂದಿಗೂ ಇದೆ. ಅವನ ಮಕ್ಕಳ ತಾಯಿ ಅವಳೇ ಎಂದು ಪತ್ರಗಳನ್ನು ಓದಿದ ವಿದ್ವಾಂಸರು ಹೇಳುತ್ತಾರೆ.

ಇಷ್ಟು ವಿವರ ಉಳಿದದ್ದು ಹೇಗೆ? ಇಲ್ಲಿ ಖಬರಸ್ಥಾನದ ಮಾತು ಬರುತ್ತದೆ. ಅಲ್ಲಾಹನ ಹೆಸರಿರುವ ಕಾಗದವನ್ನು ನಾವು ಕಸಕ್ಕೆ ಹಾಕುವುದಿಲ್ಲ. ಹಳೆಯ ಮುಸ್‌ಹಫ್ ಹರಿದುಹೋದರೆ ಶುದ್ಧ ಜಾಗದಲ್ಲಿ ಹೂಳುತ್ತೇವೆ. ಯಹೂದಿಗಳಲ್ಲೂ ಅದೇ ಪದ್ಧತಿ. ಬರೆದ ಕಾಗದವನ್ನು ತಮ್ಮ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಅದಕ್ಕೆ ಗೆನೀಝಾ ಎಂದು ಹೆಸರು. ಆಮೇಲೆ ಅದನ್ನು ಮನುಷ್ಯರನ್ನು ಹೂಳುವಂತೆಯೇ ಖಬರಸ್ಥಾನದಲ್ಲಿ ಹೂಳುತ್ತಾರೆ. ಕೈರೋದ ಫುಸ್ತಾತಿನಲ್ಲಿರುವ ಬೆನ್ ಎಝ್ರಾ ಮಂದಿರದ ಗೆನೀಝಾ ಮಾತ್ರ ಹೂಳದೇ ಉಳಿಯಿತು. ಸುಮಾರು ಒಂದು ಸಾವಿರ ವರ್ಷ ಅದರಲ್ಲಿ ವ್ಯಾಪಾರದ ಪತ್ರ, ನಿಕಾಹಿನ ಕರಾರು, ಸಾಲದ ಚೀಟಿ ಎಲ್ಲವೂ ಬಿದ್ದುಕೊಂಡಿದ್ದವು. 1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಹೆಚ್ಚಿನ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಿಂದ ಮಂಗಳೂರಿನ ಪತ್ರಗಳನ್ನು ಹೆಕ್ಕಿ ಓದಿದವರು ಎಸ್.ಡಿ. ಗೊಯ್ಟೈನ್. ಅಮಿತಾವ್ ಘೋಷ್ ಅದೇ ಕಥೆಯ ಬೆನ್ನು ಹತ್ತಿ ಮಂಗಳೂರಿಗೂ ಬಂದು, 1992ರಲ್ಲಿ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಎಂಬ ಪುಸ್ತಕ ಪ್ರಕಟಿಸಿದರು.

ಆ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ನಮ್ಮ ಹಿರಿಯರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಅರಬಿ ಅಕ್ಷರದಲ್ಲಿ ಮಲಯಾಳಂ ಬರೆದ ಕಿತಾಬುಗಳನ್ನು ಓದಿಯೇ ನಮ್ಮ ಕಡೆಯ ಎಷ್ಟೋ ಅಜ್ಜಿಯಂದಿರು ದೀನ್ ಕಲಿತದ್ದು. ಮಾತು ಒಂದು, ಅಕ್ಷರ ಇನ್ನೊಂದು. ಸಮುದ್ರದ ದಡದಲ್ಲಿ ಬದುಕಿದವರು ಹೀಗೆಯೇ. ಏಡನ್‌ನ ಯಹೂದಿ ಮುಖಂಡ ಮದ್ಮೂನ್ ಮಂಗಳೂರಿಗೆ ಬರೆದ ಪತ್ರದಲ್ಲಿ ಇಲ್ಲಿಯ ಹಿಂದೂ ವರ್ತಕರಿಗೂ ಸಲಾಂ ಹೇಳಿ, ಎಲ್ಲರೂ ಸೇರಿ ಪಾಲಿನಲ್ಲಿ ಒಂದು ಹಡಗು ಹೊರಡಿಸೋಣ ಎನ್ನುತ್ತಾನೆ. ಆಗಿನ ಹಡಗುಗಳಲ್ಲಿ ಮುಸ್ಲಿಮರ ಸರಕು, ಯಹೂದಿಗಳ ಸರಕು, ಬನಿಯಾಗಳ ಸರಕು ಒಟ್ಟಿಗೇ ಇರುತ್ತಿತ್ತು. ನಮ್ಮ ಬಾರ್ಕೂರನ್ನು ಅರಬ್ ನಾವಿಕರು ಫಾಕನೂರ್ ಎಂದು ಕರೆಯುತ್ತಿದ್ದರು. ಇನ್ನೂರು ವರ್ಷದ ಮೇಲೆ ಇಬ್ನ್ ಬತೂತ ಅಲ್ಲಿಗೆ ಬಂದಾಗ ಖಾಝಿ, ಖತೀಬ್ ಮತ್ತು ಜುಮಾ ಮಸೀದಿ ಇದ್ದದ್ದನ್ನು ಬರೆದಿದ್ದಾನೆ.

ಬೆನ್ ಯಿಜುವಿನ ಕಾಗದ ಉಳಿಯಿತು, ಕಲ್ಲು ಉಳಿಯಲಿಲ್ಲ. ಕಲ್ಲು ನೋಡಬೇಕಾದರೆ ಕೇರಳಕ್ಕೆ ಹೋಗಬೇಕು. ಚೇಂದಮಂಗಲಂ ಎಂಬ ಊರಿನ ಯಹೂದಿ ಮಂದಿರದ ಎದುರು ಸಾರಾ ಬತ್ ಇಸ್ರಾಯೇಲ್ ಎಂಬ ಹೆಣ್ಣುಮಗಳ ಖಬರಿನ ಕಲ್ಲಿದೆ. ಅದರ ಮೇಲಿನ ವರ್ಷ ಕ್ರಿ.ಶ. 1269ಕ್ಕೆ ಸರಿಹೊಂದುತ್ತದೆ. ಭಾರತದಲ್ಲಿ ಸಿಕ್ಕಿರುವ ಹೀಬ್ರೂ ಖಬರಿನ ಕಲ್ಲುಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೆಸರಾಗಿದೆ. ಯಾವ ರಾಣಿಯೂ ಅಲ್ಲ, ಇಸ್ರಾಯೇಲ್ ಎಂಬವನ ಮಗಳು ಸಾರಾ. ಅಷ್ಟೇ ಗುರುತು.

ಪೋರ್ಚುಗೀಸರು ಬಂದ ಮೇಲೆ ಈ ಕರಾವಳಿಯ ಗಾಳಿ ಕೆಟ್ಟಿತು. ಅವರಿಂದ ನಮ್ಮ ಹಿರಿಯರು ಪಟ್ಟ ಪಾಡು ಓದುಗರಿಗೆ ಗೊತ್ತು. ಯಹೂದಿ ಮೂಲದವರ ಪಾಡು ಅಷ್ಟಾಗಿ ಗೊತ್ತಿಲ್ಲ. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಗೋವಾದಲ್ಲಿದ್ದರು. ಹೊರಗೆ ಕ್ರೈಸ್ತರಾಗಿದ್ದರೂ ಮನೆತನ ಯಹೂದಿಗಳದ್ದು. ಅಹ್ಮದ್‌ನಗರದ ಬುರ್ಹಾನ್ ನಿಝಾಂ ಷಾರಿಗೂ ಅವರು ಚಿಕಿತ್ಸೆ ಮಾಡಿದವರು. ನಮ್ಮ ದೇಶದ ಔಷಧಿ, ಮಸಾಲೆ, ಹಣ್ಣುಗಳ ಬಗ್ಗೆ ಅವರು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. 1568ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ತಂಗಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದ ಆರೋಪದ ಮೇಲೆ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಸುಡಿಸಿತು. ಅಷ್ಟಕ್ಕೆ ನಿಲ್ಲಲಿಲ್ಲ. ಸತ್ತು ಹನ್ನೆರಡು ವರ್ಷವಾಗಿದ್ದ ಗಾರ್ಸಿಯಾರ ಎಲುಬುಗಳನ್ನು 1580ರಲ್ಲಿ ಖಬರಿನಿಂದ ಅಗೆದು ತೆಗೆದು ಅವನ್ನೂ ಸುಟ್ಟರು. ಸತ್ತವರ ಮೇಲೆ ಹಗೆ ತೀರಿಸುವುದು ಅಂದರೆ ಏನೆಂದು ತಿಳಿಯಲು ನಮ್ಮ ಕೊಂಕಣ ಕರಾವಳಿಯ ಆಚೆಗೆ ಹೋಗಬೇಕಾಗಿಲ್ಲ.

ಇನ್ನು ಸುಬೇದಾರ್ ನಾಗಾವ್ಕರ್ ಅವರ ವಿಷಯಕ್ಕೆ ಬರೋಣ. ಅಡ್ಡಹೆಸರೇ ಊರು ಹೇಳುತ್ತದೆ: ಮಹಾರಾಷ್ಟ್ರದ ಆಲಿಬಾಗ್ ಪಕ್ಕದ ನಾಗಾಂವ್. ಕೊಂಕಣದ ಯಹೂದಿಗಳಿಗೆ ಬೆನೆ ಇಸ್ರೇಲ್ ಎಂದು ಹೆಸರು. ನಮ್ಮ ಖುರ್‌ಆನಿನಲ್ಲಿ ಮತ್ತೆ ಮತ್ತೆ ಬರುವ ‘ಬನೀ ಇಸ್ರಾಈಲ್’ ಎಂಬ ಅದೇ ಹೆಸರು. ಪುರಾತನ ಕಾಲದಲ್ಲಿ ಹಡಗೊಂದು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ನವಗಾಂವ್ ದಡ ಸೇರಿದರು ಎಂಬುದು ಅವರ ಸಮುದಾಯದ ನಂಬಿಕೆ. ಸಮುದ್ರ ಎಸೆದ ಉಳಿದವರ ಶವಗಳನ್ನು ಅವರು ಅಲ್ಲೇ ಹೂತರಂತೆ. ಆ ಜಾಗವನ್ನು ಇಂದಿಗೂ ಅವರು ಗೌರವಿಸುತ್ತಾರೆ. ಒಂದು ಸಮುದಾಯದ ಕಥೆಯೇ ಖಬರಸ್ಥಾನದಿಂದ ಶುರುವಾಗುತ್ತದೆ ನೋಡಿ. ಹಳ್ಳಿಗಳಲ್ಲಿ ಅವರು ಗಾಣದ ಕೆಲಸ ಹಿಡಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನ ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಮರಾಠಿ ಮಾತಾಡಿದರು, ಸೀರೆ ಉಟ್ಟರು. ಇಲ್ಯಾಸ್(ಅ) ಅವರ ಹೆಸರಿನಲ್ಲಿ ಹರಕೆ ಹೊತ್ತಾಗ ಇಂದಿಗೂ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ ಹಂಚುತ್ತಾರೆ. ಅದಕ್ಕೆ ಮಲೀದಾ ಎನ್ನುತ್ತಾರೆ.

ಬ್ರಿಟಿಷರ ಸೈನ್ಯಕ್ಕೆ ಇವರು ಬಹಳ ಸೇರಿದರು. ಹಾಗೆ ಸೇರಿದವರಲ್ಲಿ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಒಬ್ಬರು. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಅವರು ಟಿಪ್ಪು ಸುಲ್ತಾನರ ಕೈಗೆ ಸೆರೆ ಸಿಕ್ಕರು. 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದದಿಂದ ಮುಗಿದ ಯುದ್ಧವೇ ಅದು. ಸೆರೆಯಾಳುಗಳು ಬೆನೆ ಇಸ್ರೇಲ್ ಎಂದು ತಿಳಿದಾಗ ಟಿಪ್ಪುವಿನ ತಾಯಿ, ಈ ಹೆಸರನ್ನು ಖುರ್‌ಆನಿನಲ್ಲಿ ಓದಿದ್ದೇವೆ, ಇವರನ್ನು ಉಳಿಸು ಎಂದರಂತೆ. ಇದು ಆ ಸಮುದಾಯದವರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಕಥೆ. ಟಿಪ್ಪುವಿನ ಬಗ್ಗೆ ಈಗ ಏನೇನೋ ಹೇಳುವವರ ನಡುವೆ, ಯಹೂದಿ ಮನೆಗಳಲ್ಲಿ ಹೀಗೊಂದು ಮಾತು ಉಳಿದಿದೆ ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ. ದಿವೇಕರ್ ಬದುಕಿ ಬಂದ ಹರಕೆಗೆ 1796ರಲ್ಲಿ ಮುಂಬೈಯಲ್ಲಿ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದರು. ‘ರಹಮತ್ತಿನ ಬಾಗಿಲು’ ಎಂಬ ಅರ್ಥದ ಹೆಸರು ಅದಕ್ಕೆ. ಬೆನೆ ಇಸ್ರೇಲ್ ಜನ ತಮ್ಮ ಮಂದಿರವನ್ನು ಮಸ್ಜಿದ್ ಎಂದೇ ಕರೆಯುತ್ತಿದ್ದರು. ಮುಂಬೈಯ ಮಸ್ಜಿದ್ ಬಂದರ್ ರೈಲು ನಿಲ್ದಾಣದ ಹೆಸರು ಈ ಯಹೂದಿ ‘ಮಸ್ಜಿದ್’ನಿಂದ ಬಂದದ್ದು. ಮುಂಬೈಯಲ್ಲಿ ಹೋಟೆಲು, ಬೇಕರಿ ನಡೆಸುವ ನಮ್ಮ ಕಡೆಯವರು ಎಷ್ಟು ಸಲ ಅಲ್ಲಿ ಇಳಿದಿಲ್ಲ!

ಬೆಂಗಳೂರಿನ ದಂಡು ಪ್ರದೇಶಕ್ಕೆ ಸೈನಿಕರ ಜೊತೆ ಬೆನೆ ಇಸ್ರೇಲ್ ಜನ ಬಂದರು. ವ್ಯಾಪಾರದ ದಾರಿಯಲ್ಲಿ ಬಗ್ದಾದಿ ಯಹೂದಿಗಳು ಬಂದರು. ಇರಾಕ್ ಮೂಲದ ರೂಬಿನ್ ಮೋಸೆಸ್ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ದೊಡ್ಡ ಪಾದರಕ್ಷೆ ಅಂಗಡಿ ಇಟ್ಟರು. ಏಷ್ಯಾದಲ್ಲೇ ಅಷ್ಟು ದೊಡ್ಡ ಚಪ್ಪಲಿ ಅಂಗಡಿ ಇಲ್ಲ ಎಂಬ ಹೆಸರು ಅದಕ್ಕಿತ್ತು. ಬೆಂಗಳೂರಿನ ಯಹೂದಿಗಳು ಪ್ರತ್ಯೇಕ ಪ್ರಾರ್ಥನಾ ಮಂದಿರ ಕಟ್ಟಿಕೊಳ್ಳಲಿಲ್ಲ. ಹಬ್ಬ ಬಂದರೆ ಮೋಸೆಸ್ ಅವರ ಮನೆಯಲ್ಲೇ ಸೇರುತ್ತಿದ್ದರು. ಖಬರಸ್ಥಾನದ ಉಸ್ತುವಾರಿಯೂ ಆ ಮನೆತನದ ಹೆಗಲ ಮೇಲೇ ಬಂತು. ಮಸೀದಿ ಇಲ್ಲದ, ಖಬರಸ್ಥಾನ ಮಾತ್ರ ಇರುವ ಒಂದು ಜಮಾಅತ್ ಎಂದು ಊಹಿಸಿಕೊಳ್ಳಿ. ಅವರು ಎಲ್ಲರೂ ಕಾಯಂ ಆಗಿ ಒಟ್ಟಿಗಿರುವ ಜಾಗ ಅದೊಂದೇ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿಗೆ ಇನ್ನೊಂದು ಬಗೆಯ ಜನ ಸೇರಿದರು. ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಬಂದ ಯುರೋಪಿನ ಯಹೂದಿಗಳು. ಅವರಲ್ಲಿ ಕೆಲವರು ಇದೇ ಮೈಸೂರು ರಸ್ತೆಯ ಮಣ್ಣಿನಲ್ಲಿದ್ದಾರೆ. ಬರ್ಲಿನ್‌ನಲ್ಲಿ ಹುಟ್ಟಿದ ಓಟೋ ಕೋನಿಗ್ಸ್‌ಬರ್ಗರ್ ಎಂಬ ಯಹೂದಿ ವಾಸ್ತುಶಿಲ್ಪಿ 1933ರಲ್ಲಿ ನೌಕರಿ ಕಳೆದುಕೊಂಡು ದೇಶ ಬಿಟ್ಟು, ಈಜಿಪ್ಟಿನ ಮೂಲಕ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರದ ವಾಸ್ತುಶಿಲ್ಪಿಯಾದರು. ಕೆಲಸ ಕೊಟ್ಟದ್ದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ. ಹಿಂದೂ ಮಹಾರಾಜ, ಮುಸ್ಲಿಂ ದಿವಾನ, ಯಹೂದಿ ನಿರಾಶ್ರಿತ. ಇದನ್ನು ಯಾರೂ ಆಗ ದೊಡ್ಡ ಸೌಹಾರ್ದ ಎಂದು ಬ್ಯಾನರ್ ಕಟ್ಟಲಿಲ್ಲ. ಕೆಲಸ ಗೊತ್ತಿದ್ದವನಿಗೆ ಕೆಲಸ ಕೊಟ್ಟರು, ಅಷ್ಟೆ.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಭಾರತದ ಯಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೋ ಇಂಗ್ಲೆಂಡಿಗೋ ಹೊರಟುಹೋದರು. ಇಲ್ಲಿ ಅವರನ್ನು ಯಾರೂ ಓಡಿಸಲಿಲ್ಲ. ತಾವಾಗಿ ಹೋದರು. ಇಂದು ಇಡೀ ದೇಶದಲ್ಲಿ ಉಳಿದವರು 5,000ಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಉಳಿದದ್ದು ಕೆಲವು ಮನೆ.

ಜನ ಕಡಿಮೆಯಾದಾಗ ಖಬರಸ್ಥಾನಕ್ಕೆ ಏನಾಗುತ್ತದೆ ಎಂದು ಅರ್ಥವಾಗಬೇಕಾದರೆ ಅವರ ಪದ್ಧತಿ ಸ್ವಲ್ಪ ತಿಳಿದಿರಬೇಕು. ನಮ್ಮ ಮತ್ತು ಅವರ ಜನಾಝಾ ಎಷ್ಟು ಹತ್ತಿರ ಎಂದರೆ, ಓದುವಾಗ ನಮಗೇ ಬೆರಗಾಯಿತು. ತೀರಿಕೊಂಡವರನ್ನು ಬೇಗ ಮಣ್ಣು ಮಾಡಬೇಕು. ಸುಡುವಂತಿಲ್ಲ. ಮಯ್ಯಿತ್ತಿಗೆ ಗುಸ್ಲ್ ಕೊಡಬೇಕು. ಬಡವನಿರಲಿ, ಸಾಹುಕಾರನಿರಲಿ, ಒಂದೇ ಬಗೆಯ ಸಾದಾ ಬಿಳಿ ಕಫನ್. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಗುಸ್ಲ್ ಮಾಡಿಸುತ್ತಾರೆ. ಝಿಯಾರತಿಗೆ ಹೋದವರು ಹೂವಿನ ಬದಲು ಖಬರಿನ ಮೇಲೆ ಒಂದು ಚಿಕ್ಕ ಕಲ್ಲು ಇಟ್ಟು ಬರುತ್ತಾರೆ. ಹೊರಗೆ ಬಂದು ಕೈ ತೊಳೆಯುತ್ತಾರೆ.

ಎರಡು ಕಡೆ ವ್ಯತ್ಯಾಸ ಇದೆ, ಅದೇ ಮುಖ್ಯ. ಸತ್ತವರಿಗಾಗಿ ಅವರು ಓದುವ ‘ಕದ್ದೀಶ್’ ಎಂಬ ಪ್ರಾರ್ಥನೆಗೆ ಪ್ರಾಯಕ್ಕೆ ಬಂದ ಹತ್ತು ಗಂಡಸರು ಸೇರಲೇಬೇಕು. ನಮ್ಮ ಶಾಫಿಈ ಮದ್‌ಹಬಿನಲ್ಲಿ ಜುಮಾಕ್ಕೆ 40 ಜನ ಬೇಕು, ಹನಫಿಯಲ್ಲಿ ಇಮಾಮರನ್ನು ಬಿಟ್ಟು ಮೂವರಾದರೂ ಬೇಕು ಎನ್ನುವುದು ಓದುಗರಿಗೆ ಗೊತ್ತು. ನಮಗೆ ಆ ಲೆಕ್ಕ ಹಾಕುವ ಸಂದರ್ಭ ಬರುವುದೇ ಇಲ್ಲ, ಜಾಗ ಸಾಲದೆ ಹೊರಗೆ ಚಾಪೆ ಹಾಸುತ್ತೇವೆ. ಸಣ್ಣ ಊರುಗಳ ಯಹೂದಿಗಳಿಗೆ ಹತ್ತು ಜನ ಕೂಡುವುದೇ ದೊಡ್ಡ ಮಾತು. ಇನ್ನೊಂದು ವ್ಯತ್ಯಾಸ: ಜಾಗ ಕಡಿಮೆಯಿದ್ದಲ್ಲಿ ಹಳೆಯ ಖಬರು ಪೂರ್ತಿ ಮಣ್ಣಾದ ಮೇಲೆ ಅಲ್ಲೇ ಇನ್ನೊಬ್ಬರನ್ನು ದಫನ ಮಾಡಲು ನಮ್ಮ ಫಿಕ್‌ಹಿನಲ್ಲಿ ಅವಕಾಶವಿದೆ. ಅವರಲ್ಲಿ ಖಬರು ಎಂದರೆ ಕೊನೆಯವರೆಗೂ ಆ ಒಬ್ಬನದೇ. ಖಬರಸ್ಥಾನಕ್ಕೆ ಹೀಬ್ರೂವಿನಲ್ಲಿ ‘ಬೇತ್ ಹಯ್ಯೀಮ್’, ಜೀವಂತರ ಮನೆ, ಎಂಬ ಹೆಸರೂ ಇದೆ. ಅಲ್ಲಾಹನು ಎಬ್ಬಿಸುವ ದಿನದವರೆಗೆ ಮಲಗಿರುವವನ ಮನೆ. ಆದ್ದರಿಂದ, ಐವತ್ತು ವರ್ಷದಿಂದ ಯಾರನ್ನೂ ಹೂತಿಲ್ಲ, ಕೇಳುವವರಿಲ್ಲ, ಈಗ ಇದು ಖಾಲಿ ಜಾಗ ಎನ್ನುವ ಮಾತು ಅವರ ಕಿವಿಗೆ, ಮನೆಯಲ್ಲಿ ಜನ ಮಲಗಿರುವಾಗಲೇ ಮನೆ ಖಾಲಿ ಎಂದಂತೆ ಕೇಳುತ್ತದೆ.

ಇದು ಬರೀ ಊಹೆಯ ಮಾತಲ್ಲ. ಕೇರಳದ ತ್ರಿಶೂರು ಜಿಲ್ಲೆಯ ಮಾಳ ಎಂಬ ಊರಿನಲ್ಲಿ ಇದು ನಡೆದಿದೆ. ಅಲ್ಲಿಯ ಯಹೂದಿಗಳು 1955ರಲ್ಲಿ ಇಸ್ರೇಲಿಗೆ ಹೊರಡುವಾಗ ತಮ್ಮ ಪ್ರಾರ್ಥನಾ ಮಂದಿರವನ್ನೂ ಖಬರಸ್ಥಾನವನ್ನೂ ಪಂಚಾಯತಿನ ಕೈಗೆ ಒಪ್ಪಿಸಿದರು. ಸುಮ್ಮನೆ ಬಿಟ್ಟು ಹೋಗಲಿಲ್ಲ, ಬರೆಸಿಕೊಂಡರು: ಖಬರಸ್ಥಾನವನ್ನು ಖಬರಸ್ಥಾನವಾಗಿಯೇ ಕಾಪಾಡಬೇಕು ಎಂದು. ಒಂದೆರಡು ತಲೆಮಾರು ಕಳೆಯುವಾಗ ಆ ಕಾಗದ ಮರೆಯಿತು. ಖಬರಿನ ಕಲ್ಲುಗಳಲ್ಲಿ ಹೆಚ್ಚಿನವು ಕಾಣೆಯಾದವು. ಜಾಗದ ಒಂದು ಭಾಗದಲ್ಲಿ ಸ್ಟೇಡಿಯಂ ಕೆಲಸ ಶುರುವಾಯಿತು. ಆಗ ಎದ್ದು ನಿಂತವರು ಯಹೂದಿಗಳಲ್ಲ, ಊರಲ್ಲಿ ಒಬ್ಬ ಯಹೂದಿಯೂ ಇರಲಿಲ್ಲ. ಮಾಳದ ಊರಿನವರೇ ಸಮಿತಿ ಕಟ್ಟಿ, ನಾವು ಮಾತು ಕೊಟ್ಟಿದ್ದೇವೆ ಎಂದು ಹೋರಾಡಿದರು. ಅಮಾನತ್ ಎಂದು ನಾವು ಮಿಂಬರಿನಲ್ಲಿ ಹೇಳುವ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸದ್ಯಕ್ಕೆ ನೆನಪಾಗುತ್ತಿಲ್ಲ.

ಈಗ ನಮ್ಮ ಯುವಕರ ಪ್ರಶ್ನೆಗೆ. ಇದೇ ವಿಷಯವನ್ನು ಒಂದು ಜುಮಾದ ನಂತರ ಮಾತಾಡಿದಾಗ ಒಬ್ಬ ಹುಡುಗ ನೇರವಾಗಿ ಕೇಳಿದ: “ಉಸ್ತಾದರೇ, ಅವರು ನಮ್ಮವರ ಖಬರುಗಳನ್ನು ಬಿಟ್ಟಿದ್ದಾರಾ? ನಾವೇಕೆ ಅವರ ಖಬರಿನ ಚಿಂತೆ ಮಾಡಬೇಕು?” ಒಳ್ಳೆಯ ಪ್ರಶ್ನೆ. ಅವನ ಕೈಯಲ್ಲಿ ಪುರಾವೆಯೂ ಇದೆ. ಜೆರುಸಲೇಮಿನ ಮಾಮಿಲ್ಲಾ ಶತಮಾನಗಳಷ್ಟು ಹಳೆಯ ಮುಸ್ಲಿಂ ಖಬರಸ್ಥಾನ. ಉಲಮಾಗಳು, ಸೂಫಿಗಳು ಅಲ್ಲಿ ಮಲಗಿದ್ದಾರೆ. ಅದರ ಒಂದು ಭಾಗದ ಮೇಲೆ ವಸ್ತುಸಂಗ್ರಹಾಲಯ ಕಟ್ಟಲು ಇಸ್ರೇಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಅನುಮತಿ ಕೊಟ್ಟಿತು. ಅದಕ್ಕಿಟ್ಟ ಹೆಸರು ‘ಸಹಿಷ್ಣುತೆಯ ವಸ್ತುಸಂಗ್ರಹಾಲಯ’! ಅಗೆದಾಗ ನೂರಾರು ಅಸ್ಥಿಪಂಜರಗಳು ಸಿಕ್ಕವು. ಜೆರುಸಲೇಮಿನ ಹಳೆಯ ಮುಸ್ಲಿಂ ಮನೆತನದವರು ವಿಶ್ವಸಂಸ್ಥೆಯವರೆಗೂ ದೂರು ಒಯ್ದರು. ಅದನ್ನು ವಿರೋಧಿಸಿದವರಲ್ಲಿ ಯಹೂದಿ ಬುದ್ಧಿಜೀವಿಗಳೂ ಇದ್ದರು ಎನ್ನುವುದನ್ನೂ ಹೇಳಬೇಕು.

ಆದರೆ ಆ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಮಾಮಿಲ್ಲಾದಲ್ಲಿ ಆದದ್ದು ಅನ್ಯಾಯ ಎಂದು ನಾವು ಹೇಳುವುದು ಯಾವ ನಿಯಮದ ಮೇಲೆ? ಸತ್ತವರ ಜಾಗ ಸತ್ತವರದ್ದು ಎನ್ನುವ ನಿಯಮದ ಮೇಲೆ. ಆ ನಿಯಮ ಮೈಸೂರು ರಸ್ತೆಯಲ್ಲಿ ಇಲ್ಲವೆಂದರೆ ಮಾಮಿಲ್ಲಾದಲ್ಲೂ ಇಲ್ಲ. ಮತ್ತೆ, 1904ರಲ್ಲಿ ತೀರಿಕೊಂಡ ಕೊಂಕಣದ ಸುಬೇದಾರನಿಗೂ ಇಂದಿನ ಇಸ್ರೇಲ್ ಸರ್ಕಾರಕ್ಕೂ ಏನು ಸಂಬಂಧ? ಹಿಟ್ಲರನಿಂದ ಓಡಿ ಬಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದವನು ಯಾವ ಫೆಲೆಸ್ತೀನಿಯ ಮನೆ ಕೆಡವಿದ? ಎಲ್ಲೋ ಯಾರೋ ಮುಸ್ಲಿಂ ಹೆಸರಿನವನು ಮಾಡಿದ ತಪ್ಪಿಗೆ ಉಡುಪಿಯ ಮುಸ್ಲಿಮನನ್ನು ಹೊಣೆ ಮಾಡಿದಾಗ ನಮಗೆ ಎಷ್ಟು ಉರಿಯುತ್ತದೆ! ಹಾಗೆ ಹೊಣೆ ಹೊರಿಸುವವರ ಲೆಕ್ಕವನ್ನೇ ನಾವು ಕಲಿಯುವುದು ಬೇಡ.

ಗಾಝಾದಲ್ಲೇ ಇನ್ನೊಂದು ಖಬರಸ್ಥಾನವಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಸಾಮ್ರಾಜ್ಯದ 3,000ಕ್ಕೂ ಹೆಚ್ಚು ಸೈನಿಕರು ಅಲ್ಲಿದ್ದಾರೆ. ಕ್ರೈಸ್ತರೇ ಹೆಚ್ಚು. ದಾವೀದನ ನಕ್ಷತ್ರ ಕೆತ್ತಿದ ಯಹೂದಿ ಸೈನಿಕರ ಕಲ್ಲುಗಳೂ ಇವೆ. ನಮ್ಮ ದೇಶದಿಂದ ಹೋದವರೂ ಇದ್ದಾರೆ. ಅದನ್ನು ತಲೆಮಾರುಗಳಿಂದ ನೋಡಿಕೊಂಡದ್ದು ಗಾಝಾದ ಒಂದು ಫೆಲೆಸ್ತೀನಿ ಮನೆತನ. ದಿಗ್ಬಂಧನದ ವರ್ಷಗಳಲ್ಲೂ ಅವರು ಹುಲ್ಲು ಕತ್ತರಿಸಿ, ಹೂಗಿಡಕ್ಕೆ ನೀರು ಹಾಕಿ, ಯಹೂದಿ ಸೈನಿಕನ ಕಲ್ಲನ್ನೂ ಉಳಿದವರ ಕಲ್ಲಿನಂತೆಯೇ ಒರೆಸಿದರು. ಈಚಿನ ಯುದ್ಧದಲ್ಲಿ ಆ ಖಬರಸ್ಥಾನಕ್ಕೂ ಹಾನಿಯಾಗಿದೆ. ಗಾಝಾದವರ ಹೆಸರಿನಲ್ಲಿ ಸಿಟ್ಟಾಗುವ ನಮ್ಮ ಮಕ್ಕಳು ಗಾಝಾದವರ ಈ ಕೆಲಸವನ್ನೂ ತಿಳಿದಿರಬೇಕು.

ದೀನಿನ ಮಾತನ್ನು ಕೊನೆಗೆ ಇಟ್ಟೆವು, ಏಕೆಂದರೆ ಅದು ನಿಮಗೆ ಗೊತ್ತಿರುವುದೇ. ಖಾದಿಸಿಯ್ಯದಲ್ಲಿ ಸಹಾಬಿಗಳಾದ ಸಹ್ಲ್ ಬಿನ್ ಹುನೈಫ್(ರ) ಮತ್ತು ಖೈಸ್ ಬಿನ್ ಸಅದ್(ರ) ಕುಳಿತಿದ್ದಾಗ ಒಂದು ಜನಾಝಾ ಹಾದುಹೋಯಿತು. ಇಬ್ಬರೂ ಎದ್ದು ನಿಂತರು. ಅದು ಮುಸ್ಲಿಮನದ್ದಲ್ಲ ಎಂದು ಯಾರೋ ಹೇಳಿದಾಗ ಅವರು ಪ್ರವಾದಿ(ಸ) ಅವರ ನಡೆಯನ್ನು ನೆನಪಿಸಿದರು. ಯಹೂದಿಯೊಬ್ಬನ ಜನಾಝಾಕ್ಕೆ ಪ್ರವಾದಿ(ಸ) ಎದ್ದು ನಿಂತದ್ದು, ಅದು ಯಹೂದಿಯದ್ದು ಎಂದಾಗ ಅದೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಮರುಪ್ರಶ್ನೆ ಹಾಕಿದ್ದು, ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇದೆ. ಜನಾಝಾಕ್ಕೆ ನಿಲ್ಲುವ ಹುಕ್ಮ್ ನಂತರ ಮನ್ಸೂಖ್ ಆಯಿತೇ ಎಂಬ ಬಗ್ಗೆ ಫುಖಹಾಗಳಲ್ಲಿ ಚರ್ಚೆಯಿದೆ. ಮದ್ರಸದ ದಿನಗಳಲ್ಲಿ ಅದರ ಮೇಲೆ ನಾವು ಗಂಟೆಗಟ್ಟಲೆ ವಾದಿಸಿದ್ದೇವೆ. ಆದರೆ ಆ ಪ್ರಶ್ನೆ ಮನ್ಸೂಖ್ ಆಯಿತು ಎಂದು ಯಾರೂ ಹೇಳಿಲ್ಲ. ನಮ್ಮ ಉಮ್ಮಹಾತುಲ್ ಮುಅ್‌ಮಿನೀನ್‌ರಲ್ಲಿ ಒಬ್ಬರಾದ ಸಫಿಯ್ಯಾ(ರ) ಯಹೂದಿ ಮನೆತನದಲ್ಲಿ ಹುಟ್ಟಿದವರು. ಅವರ ಖಬರು ಜನ್ನತುಲ್ ಬಖೀಅ್‌ನಲ್ಲಿದೆ. ಹಜ್ಜಿಗೆ ಹೋದವರು ಅಲ್ಲಿ ನಿಂತು ಸಲಾಂ ಹೇಳಿ ಬಂದಿದ್ದೀರಿ.

ಹಾಗಾದರೆ ಮಾಡುವುದೇನು? ಬೆಂಗಳೂರಿನ ಖಬರಸ್ಥಾನಕ್ಕೆ ವಾರಸುದಾರರಿದ್ದಾರೆ, ನಾವು ಹೋಗಿ ಯಜಮಾನಿಕೆ ಮಾಡಬೇಕಾಗಿಲ್ಲ. ಮೈಸೂರು ರಸ್ತೆಯ ಆಸುಪಾಸು ಗೋರಿಪಾಳ್ಯ, ಪಾದರಾಯನಪುರದಂತಹ ನಮ್ಮ ಜನ ಹೆಚ್ಚಿರುವ ಮೊಹಲ್ಲಾಗಳೇ ಇವೆ. ಅಲ್ಲಿ ಕೆಲಸಕ್ಕೆ, ಓದಿಗೆ ಹೋಗಿರುವ ನಮ್ಮ ಕಡೆಯ ಹುಡುಗರು ಗೋಡೆಯಾಚೆ ಕಸ ಎಸೆಯುವವರನ್ನು ಕಂಡರೆ ತಡೆದರೂ ಸಾಕು. ಒಳಗೆ ಹೋಗಲು ಅನುಮತಿ ಸಿಕ್ಕರೆ ತಲೆಗೆ ಟೊಪ್ಪಿ ಇರಲಿ, ಅವರಲ್ಲೂ ಅದೇ ಅದಬು. ಖಬರಿನ ಮೇಲೆ ಕೂರಬಾರದು, ತುಳಿಯಬಾರದು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಮನೆಯ ಕೆಲಸವೂ ಬಾಕಿಯಿದೆ. ಬೆಂಗಳೂರಿನ ಆ ಐವತ್ತು ಚಿಲ್ಲರೆ ಖಬರುಗಳಲ್ಲಿ ಯಾರಿದ್ದಾರೆ, ಎಲ್ಲಿಂದ ಬಂದವರು, ಯಾವ ವರ್ಷ ತೀರಿಕೊಂಡರು ಎಂದು ಕಲ್ಲು ನೋಡಿ ಹೇಳಬಹುದು. ನಮ್ಮ ಕಡೆಯ ಹಳೆಯ ದಫನಭೂಮಿಗಳಲ್ಲಿ ಎಷ್ಟೋ ಮೀಸಾನ್ ಕಲ್ಲುಗಳ ಮೇಲೆ ಹೆಸರೇ ಇಲ್ಲ. ಹೆಸರು ಬರೆಯದಿರುವುದು ಸರಳತೆಗಾಗಿ, ಅದು ಸರಿಯೇ. ಆದರೆ ಕಲ್ಲಿನ ಮೇಲೆ ಬೇಡವಾದರೆ ರಿಜಿಸ್ಟರಿನಲ್ಲಿ ಬರೆಯಬಹುದಲ್ಲ? ಊರಿನ ಅರ್ಧ ಮನೆಗಳು ಗಲ್ಫಿಗೂ ಮಂಗಳೂರಿಗೂ ಹೋಗಿ, ನಾಲ್ಕು ಮುದುಕರು ಮಾತ್ರ ಉಳಿದ ಜಮಾಅತ್‌ಗಳು ನಮ್ಮಲ್ಲೂ ಇವೆ. ಅಂಥ ಊರಿನ ಹಳೆಯ ಖಬರಸ್ಥಾನದ ಗಡಿ ಎಲ್ಲಿ, ಯಾರು ವಕ್ಫ್ ಮಾಡಿದ್ದು, ಆರ್‌ಟಿಸಿಯಲ್ಲಿ ಯಾರ ಹೆಸರಿದೆ ಎನ್ನುವುದು ಆ ನಾಲ್ವರ ನೆನಪಿನಲ್ಲಿ ಮಾತ್ರ ಇರುತ್ತದೆ. ಜಮಾಅತ್ ಕಮಿಟಿಯವರು ಈ ರಜೆಯಲ್ಲಿ ಕಾಲೇಜು ಮಕ್ಕಳನ್ನು ಒಂದು ಪುಸ್ತಕ ಕೊಟ್ಟು ಆ ಹಿರಿಯರ ಬಳಿ ಕೂರಿಸಲಿ.

ಕೊಲ್ಕತ್ತಾದಲ್ಲಿ ಮಘೇನ್ ಡೇವಿಡ್ ಎಂಬ ದೊಡ್ಡ ಯಹೂದಿ ಪ್ರಾರ್ಥನಾ ಮಂದಿರವಿದೆ, 1884ರಲ್ಲಿ ಕಟ್ಟಿದ್ದು. ಊರಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯಷ್ಟು. ಬಾಗ್ದಾದಿಗಳ ಆ ಮಂದಿರದ ಬೀಗ ತೆಗೆದು, ನೆಲ ಗುಡಿಸಿ, ದೀಪದ ಗಾಜು ಒರೆಸುವವರು ಮುಸ್ಲಿಮರು. ಅವರ ಅಪ್ಪಂದಿರೂ ಅಲ್ಲೇ ಕೆಲಸ ಮಾಡಿದವರು. ನಮಾಝಿನ ಹೊತ್ತಾದರೆ ಅವರು ಕೆಲಸ ನಿಲ್ಲಿಸಿ ನಮಾಝ್ ಮುಗಿಸಿ, ಮತ್ತೆ ಪೊರಕೆ ಹಿಡಿಯುತ್ತಾರೆ.